ಕೆಟ್ಟಾಗ ಬರುವವರು ಯಾರು?

ಜೂನ್ ತಿಂಗಳ ಬೆಳಗು. ಮಂಗಳೂರಿನ ಅತ್ತಾವರದಲ್ಲಿ ಮಳೆ ಹಿಡಿದು ಮೂರು ದಿನವಾಗಿದೆ. ಔಷಧಿ ಅಂಗಡಿಯ ಬಾಗಿಲು ತೆರೆದಿದೆ, ಗಿರಾಕಿಗಳು ಕೊಡೆ ಮಡಚಿ ಕಾಯುತ್ತಿದ್ದಾರೆ. ಆದರೆ ಬಿಲ್ ಮಾತ್ರ ಬರುತ್ತಿಲ್ಲ. "ರಾತ್ರಿ ಸರಿ ಇತ್ತು ಮಾರಾಯ್ರೆ, ಈಗ ಆನ್ ಆಗ್ತಾ ಇಲ್ಲ" ಎಂದು ಮಾಲೀಕರು ಫೋನಿನಲ್ಲಿ ಅಲವತ್ತುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹೆಗಲಿಗೆ ಚೀಲ ಏರಿಸಿಕೊಂಡ ಕಂಪ್ಯೂಟರ್ ತಂತ್ರಜ್ಞರು ಬರುತ್ತಾರೆ.

ಇದು ಒಂದು ದಿನದ, ಒಂದು ಅಂಗಡಿಯ ಕತೆಯಲ್ಲ. ಕೆ.ಎಂ.ಸಿ. ಆಸ್ಪತ್ರೆ, ಅದರ ಸುತ್ತಮುತ್ತಲಿನ ಔಷಧಿ ಅಂಗಡಿಗಳು, ಕ್ಲಿನಿಕ್ಕುಗಳು, ಹತ್ತಿರದಲ್ಲೇ ಸೆಂಟ್ರಲ್ ರೈಲು ನಿಲ್ದಾಣ ಇರುವ ಇಂಥ ಬಡಾವಣೆಯಲ್ಲಿ ಕಂಪ್ಯೂಟರ್ ಇಲ್ಲದ ವ್ಯಾಪಾರವೇ ಅಪರೂಪ. ಯಂತ್ರ ಮಾರಿದವರು ಯಾರೋ, ತಂತ್ರಾಂಶ ಬರೆದವರು ಎಲ್ಲೋ. ಕೆಟ್ಟಾಗ ಬರುವವರು ಮಾತ್ರ ಈ ಚೀಲದವರು. ಹಾಗಾಗಿ ಯಾವುದು ಒಳ್ಳೆಯದು, ಯಾವುದು ಬರೀ ಬಣ್ಣದ ಮಾತು ಎಂಬುದು ಜಾಹೀರಾತಿಗಿಂತ ಇವರಿಗೇ ಹೆಚ್ಚು ಗೊತ್ತು.

ಚೀಲದಲ್ಲಿ ಒಂದು ರಬ್ಬರ್

ಚೀಲವನ್ನು ಬಿಚ್ಚಿ ನೋಡಿದರೆ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಬ್ರಶ್ಶು, ಪೆನ್‌ಡ್ರೈವ್‌ಗಳ ಜತೆ ಒಂದು ವಸ್ತು ಅಚ್ಚರಿ ಹುಟ್ಟಿಸುತ್ತದೆ: ಮಕ್ಕಳು ಪೆನ್ಸಿಲ್ ಗೆರೆ ಅಳಿಸುವ ರಬ್ಬರ್! ಕಂಪ್ಯೂಟರಿನ ರ್‍ಯಾಮ್ ಎಂಬ ನೆನಪಿನ ಪಟ್ಟಿಯ ಅಂಚಿನಲ್ಲಿ ಸಾಲಾಗಿ ಲೋಹದ ತುದಿಗಳಿವೆ. ಅವುಗಳಿಗೆ ಬಹಳ ತೆಳುವಾದ ಚಿನ್ನದ ಲೇಪವಿರುತ್ತದೆ. ಚಿನ್ನ ತುಕ್ಕು ಹಿಡಿಯದು ನಿಜ. ಆದರೆ ಕರಾವಳಿಯ ತೇವ, ಉಪ್ಪಿನ ಅಂಶ ಮತ್ತು ಧೂಳು ಸೇರಿ ಅದರ ಮೇಲೆ ಕೊಳೆಯ ಪೊರೆ ಕಟ್ಟುತ್ತದೆ. ವಿದ್ಯುತ್ ಸಂಕೇತ ದಾಟಲಾಗದೆ ಯಂತ್ರ ಮೌನವಾಗುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ಪಟ್ಟಿಯನ್ನು ಹೊರತೆಗೆದು, ಮೆತ್ತಗಿನ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ "ಸತ್ತ" ಕಂಪ್ಯೂಟರ್ ಎದ್ದು ಕೂರುತ್ತದೆ. ಇದು ತಿಳಿಯದವರು ಹೊಸ ಯಂತ್ರಕ್ಕೇ ದುಡ್ಡು ಸುರಿಯುತ್ತಾರೆ.

ಮಳೆಗಿಂತ ದೊಡ್ಡ ಶತ್ರು ಸಿಡಿಲು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮತ್ತು ಅದು ಮುಗಿಯುವ ಹೊತ್ತಿಗೆ ಗುಡುಗು ಹೆಚ್ಚು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಇಂಟರ್‌ನೆಟ್ ತಂತಿಯನ್ನೂ ಬಿಡಿಸಬೇಕು, ಏಕೆಂದರೆ ಆ ದಾರಿಯಲ್ಲೂ ಆಘಾತ ಬರಬಹುದು. ಇನ್ನು ಅರ್ತಿಂಗ್. ಮೂರು ಕಾಲಿನ ಪ್ಲಗ್ಗಿನಲ್ಲಿ ಮೇಲಿನ ಕಾಲು ಏಕೆ ಉದ್ದ ಎಂದು ಮಕ್ಕಳನ್ನು ಕೇಳಿ ನೋಡಿ. ಉಳಿದೆರಡಕ್ಕಿಂತ ಮೊದಲು ಭೂಮಿಯ ಸಂಪರ್ಕವಾಗಬೇಕು, ಕೀಳುವಾಗ ಅದು ಕೊನೆಗೆ ಬಿಡಬೇಕು ಎಂಬುದೇ ಉತ್ತರ. ಆ ಕಾಲನ್ನು ಮುರಿದು ಎರಡು ಕಾಲಿನ ಸಾಕೆಟ್ಟಿಗೆ ತುರುಕಿದ ಪ್ಲಗ್ ಕಂಡರೆ ಯಾವ ತಂತ್ರಜ್ಞರೂ ತಲೆ ಚಚ್ಚಿಕೊಳ್ಳುತ್ತಾರೆ.

ಯು.ಪಿ.ಎಸ್. ಪೆಟ್ಟಿಗೆಯ ಸೀಸದ ಬ್ಯಾಟರಿಗೆ ಸೆಖೆ ಆಗದು. ಸುತ್ತಲಿನ ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ಅದನ್ನು ರಟ್ಟಿನ ಡಬ್ಬಗಳ ಸಂದಿಯಲ್ಲಿ ಹುದುಗಿಸಿಟ್ಟು "ಕಂಪೆನಿ ಮಾಲೇ ಸರಿ ಇಲ್ಲ" ಎನ್ನುವವರೇ ಹೆಚ್ಚು.

ಕಿರಗುಟ್ಟುವ ಪ್ರಿಂಟರಿನ ಮರ್ಯಾದೆ

ಕಿರ್ ಕಿರ್ ಎಂದು ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಕಂಡು ಇಂದಿನ ಹುಡುಗರು ನಗುತ್ತಾರೆ. ಆದರೆ ಅದರ 9 ಅಥವಾ 24 ಸೂಜಿಗಳು ರಿಬ್ಬನ್ನಿನ ಮೇಲೆ ಬಡಿದು ಅಕ್ಷರ ಮೂಡಿಸುತ್ತವೆ. ಬಡಿತವಿರುವುದರಿಂದ ಅಡಿಯಲ್ಲಿಟ್ಟ ಕಾರ್ಬನ್ ಪ್ರತಿಗಳೂ ಒಂದೇ ಸಲಕ್ಕೆ ಆಗುತ್ತವೆ. ಲೇಸರ್ ಪ್ರಿಂಟರಿಗೆ ಆ ಬಡಿತವಿಲ್ಲ. ಮೂರು ಪ್ರತಿ ಬಿಲ್ ಬೇಕಾದ ಸಗಟು ವ್ಯಾಪಾರಿಗೆ ಹಳೆಯದೇ ಮೇಲು. ಹೊಸದೋ ಹಳೆಯದೋ ಎಂಬುದಕ್ಕಿಂತ ಕೆಲಸಕ್ಕೆ ಒಗ್ಗುತ್ತದೆಯೇ, ರಿಬ್ಬನ್ನೋ ಟೋನರೋ ಊರಿನಲ್ಲೇ ಸಿಗುತ್ತದೆಯೇ ಎಂಬುದು ಮುಖ್ಯ.

ಲೆಕ್ಕ ಯಾರ ಕೈಯಲ್ಲಿ?

ಯಂತ್ರ ಹೋದರೆ ಇನ್ನೊಂದು ಬರುತ್ತದೆ, ಲೆಕ್ಕ ಹೋದರೆ ಬಾರದು. ವ್ಯಾಪಾರದ ತಂತ್ರಾಂಶವೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಟ್ಯಾಲಿ. ಅದು ಕರ್ನಾಟಕದ್ದೇ ಕೂಸು. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯವಹಾರಕ್ಕೆ ಒಗ್ಗುವ ಲೆಕ್ಕಪತ್ರದ ತಂತ್ರಾಂಶ ಸಿಗದಿದ್ದಾಗ ಮಗ ಭರತ್ ಗೋಯೆಂಕಾ ತಾವೇ ಬರೆದರು. ಮಗನಿಗೆ 2020ರಲ್ಲಿ ಪದ್ಮಶ್ರೀ ಗೌರವ ಸಂದಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲಂತೂ ಸಣ್ಣ ಅಂಗಡಿಗಳಿಗೂ ಇಂಥ ಯಾವುದಾದರೊಂದು ತಂತ್ರಾಂಶ ಬೇಕೇ ಬೇಕೆಂಬಂತಾಯಿತು.

ಈ ಕಾನೂನಿನಲ್ಲಿ ಒಂದು ಮಾತಿದೆ. ವಾರ್ಷಿಕ ವಿವರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾದಿರಿಸಬೇಕು. ಅಂದರೆ ಇಂದಿನ ಬಿಲ್ಲು ಆರು ವರ್ಷಗಳ ಬಳಿಕವೂ ತೆರೆಯಬೇಕು. ಅಷ್ಟರಲ್ಲಿ ತಂತ್ರಾಂಶ ಮಾರಿದವರು ಅಂಗಡಿ ಮುಚ್ಚಿದ್ದರೆ? ವಾರ್ಷಿಕ ಶುಲ್ಕ ಕಟ್ಟದಿದ್ದರೆ ಹಳೆಯ ಲೆಕ್ಕವನ್ನೂ ತೋರಿಸದ ತಂತ್ರಾಂಶವಾಗಿದ್ದರೆ? ಆದ್ದರಿಂದ ಕೊಳ್ಳುವ ಮೊದಲೇ "ನನ್ನ ಲೆಕ್ಕವನ್ನು ಸಾಮಾನ್ಯ ಎಕ್ಸೆಲ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ? ಈಗಲೇ ತೋರಿಸಿ" ಎಂದು ಕೇಳಬೇಕು.

ಈ ಮಾತಿನ ಬೆಲೆ ಕನ್ನಡಿಗರಿಗೆ ಚೆನ್ನಾಗಿ ತಿಳಿದಿರಬೇಕು. ಗಣಕದಲ್ಲಿ ಕನ್ನಡ ಮೂಡಿಸಲು ದುಡಿದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಮಂಗಳೂರು ಸಮೀಪದ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟವರು. ಆದರೆ ಆ ಕಾಲದ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಬೇಕಿತ್ತು. ಒಬ್ಬೊಬ್ಬರು ಒಂದೊಂದು ರೀತಿ ಕೂರಿಸಿದರು. ಇದರಿಂದ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. ಮುದ್ರಣಾಲಯಗಳ ಹಳೆಯ ಕಡತಗಳಲ್ಲಿ ಇಂದಿಗೂ ಈ ತೊಂದರೆಯಿದೆ. 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತು. ಕನ್ನಡದ 'ಅ'ಕಾರಕ್ಕೆ 3205. ಜಗತ್ತಿನ ಯಾವ ಮೂಲೆಯ ಯಂತ್ರದಲ್ಲೂ ಅದು 'ಅ' ಎಂದೇ. ಎಲ್ಲರೂ ಒಪ್ಪಿದ ರೂಪದಲ್ಲಿ ಮಾಹಿತಿ ಇದ್ದರೆ ಮಾತ್ರ ಅದು ನಮ್ಮದಾಗಿ ಉಳಿಯುತ್ತದೆ ಎಂಬ ಪಾಠ ಇದರಲ್ಲಿದೆ.

ದೂರದ ನೆರವು, ಹತ್ತಿರದ ಕೈ

ಮಾರಾಟಗಾರರ ನೆರವಿನ ಬಗ್ಗೆ ತಂತ್ರಜ್ಞರ ಅನುಭವ ಸಿಹಿಯೂ ಹೌದು, ಕಹಿಯೂ ಹೌದು. ದೂರದಲ್ಲಿ ಕುಳಿತೇ ಪರದೆಯನ್ನು ನೋಡಿ ಸರಿಪಡಿಸುವ ವ್ಯವಸ್ಥೆ ಎಷ್ಟೋ ತೊಂದರೆಯನ್ನು ನಿಮಿಷಗಳಲ್ಲಿ ಬಗೆಹರಿಸುತ್ತದೆ. ಆದರೆ ಯಂತ್ರವೇ ಏಳದಿದ್ದರೆ ದೂರದವರು ಏನು ಮಾಡಿಯಾರು? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಒಂದರಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಟ್ಟರು. ಹೆಚ್ಚಿನ ಕಡೆ ಮದ್ದು ಒಂದೇ ಆಗಿತ್ತು: ಯಾರಾದರೊಬ್ಬರು ಪ್ರತಿ ಯಂತ್ರದ ಮುಂದೆ ಕೂತು, ಅದನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ತಪ್ಪಿದ ಕಡತವನ್ನು ಅಳಿಸುವುದು.

ಹಾಗೆಂದು ಅಪ್‌ಡೇಟೇ ಬೇಡ ಎನ್ನುವುದೂ ಮೂರ್ಖತನ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಎಂಬ ಪಿಡುಗು ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಕಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆ, ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, "ನಾಳೆ ನೋಡೋಣ" ಎಂದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ನೆಚ್ಚಿಕೊಂಡ ಅಂಗಡಿಯವರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎ.ಎಂ.ಸಿ.ಯಲ್ಲೂ ಸೂಕ್ಷ್ಮವಿದೆ. ಕೆಲವು ಒಪ್ಪಂದಗಳಲ್ಲಿ ಬಿಡಿಭಾಗಗಳೂ ಸೇರಿರುತ್ತವೆ, ಕೆಲವದರಲ್ಲಿ ಬರೀ ಕೂಲಿ. ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರುತ್ತಾರೆ, ಭಾನುವಾರ ಬರುತ್ತಾರೆಯೇ, ರಿಪೇರಿಯಾಗುವವರೆಗೆ ಬದಲಿ ಯಂತ್ರ ಕೊಡುತ್ತಾರೆಯೇ ಎಂಬುದೆಲ್ಲ ಬಾಯಿಮಾತಿನಲ್ಲಲ್ಲ, ಕಾಗದದಲ್ಲಿರಬೇಕು.

ಮನೆಗೂ ಇದೇ ಪಾಠ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ತಂತ್ರಜ್ಞರು ಪಾಲಿಸುವ ಸರಳ ಸೂತ್ರ ಮೂರು-ಎರಡು-ಒಂದು: ಮುಖ್ಯ ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಪ್ರತಿ ಬೇರೆ ಜಾಗದಲ್ಲಿ. ಅಂಗಡಿಯ ಲೆಕ್ಕಕ್ಕೂ ಮಗಳ ಪ್ರಾಜೆಕ್ಟ್ ವರದಿಗೂ ಇದು ಒಂದೇ. ಪ್ರತಿ ಮಾಡಿದರಷ್ಟೇ ಸಾಲದು, ತಿಂಗಳಿಗೊಮ್ಮೆ ತೆರೆದು ನೋಡಬೇಕು. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಮಕ್ಕಳಿಗೆ ಕಂಪ್ಯೂಟರ್ ಕೊಡಿಸುವ ತಂದೆತಾಯಿಯರು ಬೆಲೆಯ ಚೀಟಿ ನೋಡುವ ಮುಂಚೆ ಮೂರು ಪ್ರಶ್ನೆ ಕೇಳಲಿ. ಇದು ನಮ್ಮ ಕೆಲಸಕ್ಕೆ ಒಗ್ಗುತ್ತದೆಯೇ? ನಮ್ಮ ಮಾಹಿತಿ ನಮ್ಮ ಕೈಯಲ್ಲಿರುತ್ತದೆಯೇ? ಕೆಟ್ಟಾಗ ಬರುವವರು ಯಾರು? ವಿದ್ಯಾರ್ಥಿಗಳು ಆ ಚೀಲದವರ ಕೆಲಸವನ್ನು ಕೀಳೆಂದು ಕಾಣದಿರಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ಕಿಗೋ ಐ.ಟಿ.ಐ.ಗೋ ಸೇರಿ ಈ ವಿದ್ಯೆ ಕಲಿತವರಿಗೆ ತಮ್ಮ ಊರಿನಲ್ಲೇ ಕೆಲಸವಿದೆ.

ಔಷಧಿ ಅಂಗಡಿಯ ಪರದೆ ಮತ್ತೆ ಬೆಳಗುತ್ತದೆ. ಮೊದಲ ಬಿಲ್ ಕಿರ್ ಎಂದು ಹೊರಬರುತ್ತದೆ. ತಂತ್ರಜ್ಞರು ರಬ್ಬರನ್ನು ಚೀಲಕ್ಕೆ ಹಾಕಿಕೊಂಡು, "ಬ್ಯಾಕಪ್ ಯಾವಾಗ ತೆಗೆದದ್ದು?" ಎಂದು ಕೇಳುತ್ತಾರೆ. ಮಾಲೀಕರು ಉತ್ತರ ಹೇಳಲು ತಡವರಿಸುತ್ತಾರೆ. ಚೀಲ ಮತ್ತೆ ಕೆಳಗಿಳಿಯುತ್ತದೆ.