ಹಿತ್ತಲ ಕೋಳಿಗೆ ರೋಗ ಬರುವ ದಾರಿ

ಹಿತ್ತಲಲ್ಲಿ ಸಾಕಿದ ಕೋಳಿಗಳನ್ನು ಕೊಲ್ಲುವ ವೈರಸ್ ರೋಗಗಳಲ್ಲಿ ಕೊಕ್ಕರೆ ರೋಗವೇ ಮುಂದು. ಪುಸ್ತಕಗಳಲ್ಲಿ ಇದಕ್ಕೆ ರಾಣಿಖೇತ್ ರೋಗ, ನ್ಯೂಕ್ಯಾಸಲ್ ರೋಗ ಎಂಬ ಹೆಸರುಗಳಿವೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯೂ ಜಾವಾ ದ್ವೀಪದಲ್ಲೂ ಇದು ಕಾಣಿಸಿಕೊಂಡಿತು. ಒಂದೆರಡು ವರ್ಷಗಳಲ್ಲೇ ಹಿಮಾಲಯದ ಮಡಿಲಿನ ರಾಣಿಖೇತ್‌ನಲ್ಲೂ ಪತ್ತೆಯಾಯಿತು. ಸೋಂಕು ತಗಲಿದ ಐದಾರು ದಿನಕ್ಕೆ ಕೋಳಿ ಮೇವು ಬಿಟ್ಟು, ಪುಕ್ಕ ಕೆದರಿಕೊಂಡು ಮೂಲೆ ಸೇರುತ್ತದೆ. ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬಣ್ಣದ ನೀರುನೀರಾದ ಹಿಕ್ಕೆ ಹಾಕುತ್ತದೆ, ರೆಕ್ಕೆ ಜೋತುಬೀಳುತ್ತದೆ. ಬದುಕಿ ಉಳಿದ ಕೆಲವು ಕೋಳಿಗಳ ಕತ್ತು ತಿರುಚಿಕೊಂಡು ಕೊಕ್ಕು ಆಕಾಶದ ಕಡೆ ತಿರುಗಿರುತ್ತದೆ. ಲಸಿಕೆ ಕಾಣದ ಹಿಂಡಿನೊಳಗೆ ವೈರಸ್ಸಿನ ಉಗ್ರ ತಳಿ ಹೊಕ್ಕರೆ ನೂರಕ್ಕೆ ನೂರೂ ಸಾಯಬಹುದು.

ನಾಟಿ ಕೋಳಿ ಗಟ್ಟಿ, ಅದಕ್ಕೆ ರೋಗ ಬರುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಅದರಲ್ಲಿ ಅರ್ಧ ಸತ್ಯವಿದೆ. ಬಯಲಲ್ಲಿ ಕೆದಕಿ ತಿನ್ನುವ ಹತ್ತು ಕೋಳಿಗಳ ನಡುವೆ ಇರುವ ಅಂತರ ಫಾರಂ ಶೆಡ್ಡಿನ ಹತ್ತು ಸಾವಿರ ಕೋಳಿಗಳ ನಡುವೆ ಇರುವುದಿಲ್ಲ. ಬಿಸಿಲು ಹಿಕ್ಕೆಯನ್ನು ಒಣಗಿಸುತ್ತದೆ, ಗಾಳಿ ಆಡುತ್ತದೆ. ಹಾಗಾಗಿ ಕೆಲವು ಸೋಂಕುಗಳು ನಿಧಾನವಾಗುತ್ತವೆ. ಆದರೆ ಕೊಕ್ಕರೆ ರೋಗದ ಮುಂದೆ ನಾಟಿ ತಳಿಯೂ ಸೋಲುತ್ತದೆ. ಹಿತ್ತಲಲ್ಲಿ ಸಾವಿನ ಲೆಕ್ಕ ಇಡುವವರಿಲ್ಲ ಎಂಬುದೇ ಈ ನಂಬಿಕೆ ಉಳಿದುಬರಲು ಕಾರಣ. ಎಂಟು ಮರಿಗಳಲ್ಲಿ ಐದು ಕಣ್ಮರೆಯಾದರೆ ಹದ್ದು ಹೊತ್ತೊಯ್ದಿತು, ಬೆಕ್ಕು ಹಿಡಿಯಿತು ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ.

ಕೋಳಿಗೆ ವೈರಸ್ಸಿನ ಸೋಂಕು ತಗಲಿತ್ತೋ ಇಲ್ಲವೋ ಎಂಬುದನ್ನು ಅದರ ರಕ್ತ ಹೇಳುತ್ತದೆ. ಸೋಂಕಿನಿಂದ ಚೇತರಿಸಿಕೊಂಡ ಹಕ್ಕಿಯ ರಕ್ತದಲ್ಲಿ ಆ ವೈರಸ್ಸಿಗೆಂದೇ ತಯಾರಾದ ಪ್ರತಿಕಾಯಗಳು ಉಳಿದಿರುತ್ತವೆ. ಅವನ್ನು ಹುಡುಕುವ ಹಳೆಯ, ಇಂದಿಗೂ ನಂಬಿಕೆಗೆ ಅರ್ಹವಾದ ಪರೀಕ್ಷೆಯೊಂದಿದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಪುಟ್ಟ ಗುಳಿಗಳಿರುತ್ತವೆ. ಕೋಳಿಯ ಸೀರಂ ಅನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ತೆಳುವಾಗಿಸುತ್ತ ಹಾಕಿ, ಅಳತೆ ಮಾಡಿದ ವೈರಸ್ ಸೇರಿಸಿ, ಕೊನೆಗೆ ಆರೋಗ್ಯವಂತ ಕೋಳಿಯ ಕೆಂಪು ರಕ್ತಕಣ ಬೆರೆಸಿದ ದ್ರವ ಬಿಡುತ್ತಾರೆ. ಕೊಕ್ಕರೆ ರೋಗದ ವೈರಸ್ಸಿಗೆ ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವಿದೆ. ಸೀರಂನಲ್ಲಿ ಪ್ರತಿಕಾಯ ಇಲ್ಲದಿದ್ದರೆ ಕಣಗಳು ಬಲೆಯಂತೆ ಹೆಣೆದುಕೊಂಡು ಗುಳಿಯ ತಳಕ್ಕೆಲ್ಲ ತೆಳುವಾಗಿ ಹರಡಿ ನಿಲ್ಲುತ್ತವೆ. ಪ್ರತಿಕಾಯ ಇದ್ದರೆ ಅದು ವೈರಸ್ಸನ್ನು ಕಟ್ಟಿಹಾಕುತ್ತದೆ. ಕಣಗಳು ಬಿಡಿಬಿಡಿಯಾಗಿ ಜಾರಿ ತಳದ ನಡುವೆ ಕೆಂಪು ಗುಂಡಿಯಂತೆ ಕೂರುತ್ತವೆ. ಮುಕ್ಕಾಲು ಗಂಟೆಯ ನಂತರ ತಟ್ಟೆಯನ್ನು ಓರೆ ಮಾಡಿ ಹಿಡಿದರೆ ಆ ಗುಂಡಿ ಕಣ್ಣೀರ ಹನಿಯಂತೆ ಕೆಳಮುಖವಾಗಿ ಹರಿಯುತ್ತದೆ. ಎಷ್ಟನೆಯ ಗುಳಿಯವರೆಗೆ ಹೀಗೆ ಹರಿಯಿತು ಎಂಬುದೇ ಪ್ರತಿಕಾಯದ ಪ್ರಮಾಣ.

ಲಸಿಕೆಯನ್ನೇ ಕಾಣದ ಹಿತ್ತಲ ಕೋಳಿಯ ಸೀರಂನಲ್ಲಿ ಗುಂಡಿ ಕೂತರೆ, ವೈರಸ್ ಆ ಹಿತ್ತಲಿಗೆ ಬಂದು ಹೋಗಿದೆ ಎಂದೇ ಅರ್ಥ. ಇಂಥ ಪರೀಕ್ಷೆಯ ಮಿತಿಯನ್ನೂ ನೆನಪಿಡಬೇಕು. ಪರೀಕ್ಷೆಗೆ ಸಿಗುವುದು ಬದುಕಿದ ಕೋಳಿಯ ರಕ್ತ ಮಾತ್ರ. ಸತ್ತವು ಲೆಕ್ಕಕ್ಕೆ ಬರುವುದಿಲ್ಲ.

ವೈರಸ್ ಹಿತ್ತಲಿಗೆ ಬರುವ ದಾರಿಗಳಲ್ಲಿ ಅತಿ ದೊಡ್ಡದು ಜೀವಂತ ಕೋಳಿಯ ವ್ಯಾಪಾರ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ, ಒಡವೆ ಅಂಗಡಿಗಳ ಸಾಲು ದಾಟಿ ಶಿವಾಜಿನಗರದ ಕಡೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಸೇಂಟ್ ಮೇರೀಸ್ ಬೆಸಿಲಿಕಾ, ಅದರೆದುರಿಗೆ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ ಸಿಗುತ್ತವೆ. ಸುತ್ತಿನ ಗಲ್ಲಿಗಳ ಕೋಳಿ ಅಂಗಡಿಗಳಲ್ಲಿ ತಂತಿಯ ಪಂಜರಗಳು ಒಂದರ ಮೇಲೊಂದು. ಮೇಲಿನ ಪಂಜರದ ಹಿಕ್ಕೆ ಕೆಳಗಿನ ಕೋಳಿಯ ಬೆನ್ನಿಗೆ, ನೀರಿನ ಡಬ್ಬಕ್ಕೆ ಬೀಳುತ್ತದೆ. ಫಾರಂ ಕೋಳಿ, ನಾಟಿ ಹುಂಜ, ಹ್ಯಾಟೆ, ಕೆಲವೆಡೆ ಬಾತುಕೋಳಿ, ಹೀಗೆ ಬೇರೆ ಬೇರೆ ಊರಿನವು ಒಂದೇ ಗಾಳಿ ಉಸಿರಾಡುತ್ತವೆ. ಪ್ರಯಾಣದ ದಣಿವು, ಬಾಯಾರಿಕೆ, ಇಕ್ಕಟ್ಟು ಸೇರಿ ಅವುಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ. ಇಲ್ಲಿ ಕೊಯ್ದು ಮಾರಿದ ಕೋಳಿಯಿಂದ ಹಿತ್ತಲಿಗೆ ಅಪಾಯ ಕಡಿಮೆ. ಸಾಕಲೆಂದು ಜೀವಂತ ಕೊಂಡೊಯ್ದ ಹ್ಯಾಟೆ, ಮಾರಾಟವಾಗದೆ ಊರಿಗೆ ಮರಳಿದ ಮಂಕರಿ, ತೊಳೆಯದ ಖಾಲಿ ಪಂಜರ ಹೊತ್ತು ಹಿಂದಿರುಗುವ ಗಾಡಿ, ಇವೇ ನಿಜವಾದ ವಾಹಕಗಳು. ಯುಗಾದಿಯ ಮರುದಿನದ ವರ್ಷತೊಡಕು, ಬೇಸಗೆಯ ಮಾರಮ್ಮನ ಹಬ್ಬಗಳ ಕಾಲದಲ್ಲಿ ನಾಟಿ ಕೋಳಿಯ ಬೇಡಿಕೆ ಏರುತ್ತದೆ. ಮಂಕರಿಗಳ ಓಡಾಟವೂ ಅದರ ಜೊತೆಗೇ ಏರುತ್ತದೆ.

ಈ ವ್ಯಾಪಾರದಲ್ಲೇ ಹೆಚ್ಚು ಅಪಾಯಕಾರಿಯಾದದ್ದು ಗಾಬರಿಯ ಮಾರಾಟ. ಊರಲ್ಲಿ ನಾಲ್ಕು ಕೋಳಿ ಸತ್ತ ಸುದ್ದಿ ಹಬ್ಬಿದೊಡನೆ ಉಳಿದವನ್ನು ಬಂದಷ್ಟು ಬೆಲೆಗೆ ಮಾರಿಬಿಡುವುದು ಬಡ ಮನೆಗಳಲ್ಲಿ ನಡೆದುಬಂದ ರೂಢಿ. ಆ ಮನೆಯ ಮಟ್ಟಿಗೆ ಅದು ಲೆಕ್ಕಾಚಾರದ ಮಾತು, ತಪ್ಪೆನ್ನಲಾಗದು. ಆದರೆ ನೋಡಲು ಚೆನ್ನಾಗಿಯೇ ಇರುವ ಆ ಕೋಳಿಯೊಳಗೆ ಆಗಲೇ ವೈರಸ್ ಬೆಳೆಯುತ್ತಿರಬಹುದು. ಲಕ್ಷಣ ಕಾಣುವ ಮೊದಲೇ ಅದು ಸಂತೆ ಸೇರಿ, ಸಂತೆಯಿಂದ ಇನ್ನೊಂದು ತಾಲ್ಲೂಕು ಸೇರಿರುತ್ತದೆ.

ಹಿತ್ತಲಿನ ಒಳಗೂ ಅಪಾಯಗಳಿವೆ. ಹೊಸ ಕೋಳಿಯನ್ನು ತಂದ ದಿನವೇ ಹಳೆಯವುಗಳ ಜೊತೆ ಗೂಡಿಗೆ ಬಿಡುವುದು, ಮರಿ, ಹುಂಜ, ಬಾತುಕೋಳಿಗಳನ್ನೆಲ್ಲ ಒಟ್ಟಿಗೆ ಕೂಡುವುದು, ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯುವುದು, ಅಂಗಡಿಯಿಂದ ತಂದ ಕೋಳಿಯ ಪುಕ್ಕ, ಕರುಳನ್ನು ಅಂಗಳದಲ್ಲೇ ಚೆಲ್ಲುವುದು ಅವುಗಳಲ್ಲಿ ಮುಖ್ಯವಾದವು. ಮನುಷ್ಯರ ಚಪ್ಪಲಿಗೆ ಅಂಟಿದ ಹಿಕ್ಕೆಯೂ ಸಾಕು.

ಇನ್ನೊಂದು ವೈರಸ್ ರೋಗವಾದ ಹಕ್ಕಿಜ್ವರವೂ ಇದೇ ದಾರಿಯಲ್ಲಿ ಬರುತ್ತದೆ, ಜೊತೆಗೆ ನೀರಹಕ್ಕಿಗಳ ದಾರಿಯೂ ಅದಕ್ಕಿದೆ. ಕಾಡು ಬಾತುಗಳು ಅನೇಕ ಬಾರಿ ತಾವು ಸಾಯದೆಯೇ ಈ ವೈರಸ್ಸನ್ನು ಹೊತ್ತು ತಿರುಗಿ, ಹಿಕ್ಕೆಯಲ್ಲಿ ಕೆರೆಗೆ ಬಿಡುತ್ತವೆ. ಹಲಸೂರು, ಹೆಬ್ಬಾಳದಂಥ ಕೆರೆಯಂಚಿನ ಮನೆಗಳಲ್ಲಿ ಕೋಳಿ, ಬಾತುಗಳನ್ನು ಕೆರೆಗೆ ಬಿಡಬಾರದು ಎನ್ನುವುದು ಇದಕ್ಕಾಗಿ. ಕರ್ನಾಟಕದಲ್ಲಿ 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ಕಂಡಿತು. 2018ರ ಜನವರಿಯಲ್ಲಿ ಬೆಂಗಳೂರಿನ ದಾಸರಹಳ್ಳಿಯ ಕೋಳಿ ಅಂಗಡಿಯೊಂದರಲ್ಲಿ ಅದರ ಇನ್ನೊಂದು ಬಗೆಯಾದ ಎಚ್5ಎನ್8 ದೃಢಪಟ್ಟಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಮನೆಗಳ ಕೋಳಿಗಳೇ ಸಾಯತೊಡಗಿ, ಭೋಪಾಲದ ಉನ್ನತ ಭದ್ರತಾ ಪ್ರಯೋಗಾಲಯ ಹಕ್ಕಿಜ್ವರವನ್ನು ಖಚಿತಪಡಿಸಿತು. ಫಾರಂ, ಅಂಗಡಿ, ಹಿತ್ತಲು ಮೂರೂ ಒಂದೇ ಸರಪಳಿಯ ಕೊಂಡಿಗಳೆಂಬುದಕ್ಕೆ ಈ ಮೂರು ಪ್ರಕರಣಗಳು ಸಾಕು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಎಚ್5ಎನ್1 ತಗಲಿ ಆರು ಮಂದಿ ಸತ್ತಾಗಲೂ ಬೆರಳು ತೋರಿದ್ದು ಜೀವಂತ ಕೋಳಿ ಮಾರುಕಟ್ಟೆಗಳ ಕಡೆಗೇ. ಮುಂದೆ ಅಲ್ಲಿ ಬಾತುಕೋಳಿಗಳ ಮಾರಾಟವನ್ನು ಕೋಳಿಗಳಿಂದ ಬೇರ್ಪಡಿಸಿದರು, ಅಂಗಡಿಗಳನ್ನು ಖಾಲಿ ಮಾಡಿ ತೊಳೆಯಲು ರಜಾ ದಿನ ಗೊತ್ತುಮಾಡಿದರು. ಬೆಂಗಳೂರಿನ ಕೋಳಿ ಮಾರುಕಟ್ಟೆಗಳಿಗೂ ಈ ಎರಡು ನಿಯಮಗಳು ಬೇಕು.

ಉಳಿದ ವೈರಸ್‌ಗಳಲ್ಲಿ ಗುಂಬೊರೊ ಮುಖ್ಯ. ಮೂರರಿಂದ ಆರು ವಾರದ ಮರಿಗಳ ರೋಗನಿರೋಧಕ ಗ್ರಂಥಿಯನ್ನೇ ಅದು ಹಾಳುಮಾಡುವುದರಿಂದ ಆಮೇಲೆ ಹಾಕಿದ ಬೇರೆ ಲಸಿಕೆಗಳೂ ಸರಿಯಾಗಿ ಹಿಡಿಯುವುದಿಲ್ಲ. ಗೂಡಿನ ಮಣ್ಣಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಜುಟ್ಟಿನ ಮೇಲೆ ಹಕ್ಕಳೆ ಕಟ್ಟಿಸುವ ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ.

ಕೊಕ್ಕರೆ ರೋಗಕ್ಕೆ ಲಸಿಕೆ ಹೊಸದಲ್ಲ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೆ ಹನಿ ಬಿಡುವುದು, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರಕ್ಕೆ ಆರ್2ಬಿ ಎಂಬ ಲಸಿಕೆಯ ಚುಚ್ಚುಮದ್ದು, ಇದು ಸಾಮಾನ್ಯ ಕ್ರಮ. ಒಮ್ಮೆ ಹಾಕಿದರೆ ಸಾಲದೇ ಎಂದು ಸಾಕುವವರು ಕೇಳುವುದುಂಟು. ತಾಯಿಯಿಂದ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಬಂದ ಪ್ರತಿಕಾಯಗಳು ಮೊದಲ ಎರಡು ಮೂರು ವಾರ ಲಸಿಕೆಯ ವೈರಸ್ಸನ್ನೂ ತಡೆಯಬಲ್ಲವು; ಅದಕ್ಕೇ ಮತ್ತೆ ಮತ್ತೆ ಹಾಕುವುದು. ಹಿತ್ತಲ ಸಾಕಣೆಯ ತೊಡಕು ಬೇರೆಯೇ. ಲಸಿಕೆಯ ಸೀಸೆ ಬರುವುದು ನೂರಾರು ಕೋಳಿಗಳ ಲೆಕ್ಕದಲ್ಲಿ, ಮನೆಯಲ್ಲಿರುವುದು ಹತ್ತು. ಕಲಸಿದ ಮೇಲೆ ಅದನ್ನು ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ತಣ್ಣಗಿಡಬೇಕು. ಬೀದಿಯ ಹತ್ತು ಮನೆಯವರು ಒಂದೇ ದಿನ ಸೇರಿ ಹಾಕಿಸುವುದೊಂದೇ ದಾರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಹಳ್ಳಿಯ ಕೋಳಿಗಳಿಗೆಂದೇ ಶಾಖ ತಾಳುವ ಐ-2 ಲಸಿಕೆ ರೂಪಿಸಿದರು. ಮೊಜಾಂಬಿಕ್, ಟಾಂಜಾನಿಯಾಗಳ ಹಳ್ಳಿಗಳಲ್ಲಿ ಅದು ಕಣ್ಣಿನ ಹನಿಯಾಗಿ ಬಳಕೆಗೆ ಬಂತು. 2019ರ ಜಾನುವಾರು ಗಣತಿಯ ಪ್ರಕಾರ ಭಾರತದ 85 ಕೋಟಿ ಕೋಳಿ, ಬಾತುಗಳಲ್ಲಿ ಸುಮಾರು 32 ಕೋಟಿ ಹಿತ್ತಲಲ್ಲೇ ಇವೆ. ಅವನ್ನು ಬಿಟ್ಟು ಫಾರಂಗಳಿಗಷ್ಟೇ ಲಸಿಕೆಯ ಯೋಜನೆ ಹಾಕುವುದು ಅರ್ಧ ಕೆಲಸ.

ಹಕ್ಕಿಜ್ವರ ಖಚಿತವಾದ ಜಾಗದಿಂದ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲಲಾಗುತ್ತದೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡಲಾಗುತ್ತದೆ. ಹಾಗೆ ಕೊಂದ ಕೋಳಿಗೆ ಸರ್ಕಾರದ ಪರಿಹಾರ ಸಿಗುತ್ತದೆ, ರೋಗದಿಂದ ಮೊದಲೇ ಸತ್ತದ್ದಕ್ಕೆ ಸಿಗುವುದಿಲ್ಲ. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಲ್ಲಿ ಈ ವೈರಸ್‌ಗಳು ಉಳಿಯುವುದಿಲ್ಲ. ಎಚ್ಚರ ಬೇಕಾದದ್ದು ರೋಗದ ಕೋಳಿಯನ್ನು ಬರಿಗೈಯಲ್ಲಿ ಹಿಡಿದು ಕೊಯ್ಯುವಾಗ, ಪುಕ್ಕ ತೆಗೆಯುವಾಗ. ಹೊಸ ಕೋಳಿಯನ್ನು ಎರಡು ವಾರ ಬೇರೆ ಗೂಡಲ್ಲಿ ಇಡಬೇಕು. ಒಂದೆರಡು ದಿನದಲ್ಲಿ ಮೂರು ನಾಲ್ಕು ಕೋಳಿ ಸತ್ತರೆ ಉಳಿದವನ್ನು ಸಂತೆಗೆ ಒಯ್ಯದೆ, ಸತ್ತವನ್ನು ಸುಣ್ಣ ಹಾಕಿ ಆಳವಾಗಿ ಹೂಳುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು.