ಕುದಿಸಿದರೆ ಸಾಕು ಅಂದುಕೊಂಡಿದ್ದೆ

ವೀಕೆಂಡ್‌ನಲ್ಲಿ ವ್ಯಾನಿನಲ್ಲೇ ಮಲಗೋಣ ಅಂತ ಚಿಕ್ಕಬಳ್ಳಾಪುರದ ಕಡೆ ಹೊರಟಿದ್ದೆವು. ಶಿಡ್ಲಘಟ್ಟ ದಾಟುವಷ್ಟರಲ್ಲಿ ನೀರಿನ ಕ್ಯಾನ್ ಖಾಲಿ. ತೋಟವೊಂದರ ಬೋರ್‌ವೆಲ್ ಕಂಡಿತು. ಕುದಿಸಿ ಕುಡಿದರಾಯ್ತು ಅಂದೆ. ತೋಟದ ಅಜ್ಜಿ ತಡೆದರು: "ಬೇಡಪ್ಪ, ಇದು ಪಾತ್ರೆ ತೊಳೆಯೋಕೆ. ಕುಡಿಯೋಕೆ ಊರೊಳಗೆ ಫಿಲ್ಟರ್ ನೀರು ಹಿಡ್ಕೊಳ್ಳಿ."

ಅಜ್ಜಿ ಮಾತು ಸರಿ. ಇಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಬಂಡೆಯಿಂದ ಕರಗಿದ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ತೊಂದರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ; ಅದಕ್ಕೆ ಆರ್‌ಓ ಬೇಕು. ಕೆರೆ ತುಂಬಿದೆ ಅಂತ ಮೊಗೆಯಲೂಬೇಡಿ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದು ಅಂತರ್ಜಲ ಹೆಚ್ಚಿಸಲು, ಕುಡಿಯಲು ಅಲ್ಲ.

ನಮಗಿದು ಒಂದು ರಾತ್ರಿಯ ಚಿಂತೆ. ಅಜ್ಜಿಗೆ ದಿನಾ ಇದೇ ಕೆಲಸ. ಹೊರಡುವ ಮುಂಚೆ ಅವರ ಬಿಂದಿಗೆಯನ್ನೂ ತುಂಬಿಸಿ ತಂದುಕೊಟ್ಟೆವು.