ಸೂಜಿಗೂ ಮೊದಲು ಒಂದಿಷ್ಟು ಕಂಪನ

ನೋವು ಗೊತ್ತಾಗಬಾರದೆಂದು ಕೊಡುವ ಇಂಜೆಕ್ಷನ್ನೇ ನೋಯುತ್ತದೆ. ಹಲ್ಲು ಕೀಳಿಸಿಕೊಂಡವರನ್ನು ಕೇಳಿ, ಕಿತ್ತದ್ದು ತಿಳಿಯಲೇ ಇಲ್ಲ, ಚುಚ್ಚಿದಾಗ ಮಾತ್ರ ಜೀವ ಹೋಯಿತು ಎನ್ನುತ್ತಾರೆ. ತಪ್ಪೆಲ್ಲ ಸೂಜಿಯ ಮೊನೆಯದಲ್ಲ. ಒಳಹೋಗುವ ದ್ರವ ಅಲ್ಲಿನ ಅಂಗಾಂಶವನ್ನು ಹಿಗ್ಗಿಸುತ್ತದೆ. ಅಂಗುಳಿನಲ್ಲಿ ಒಳಪೊರೆ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ದ್ರವಕ್ಕೆ ಜಾಗವೇ ಇಲ್ಲ. ಅಂಗುಳಿನ ಇಂಜೆಕ್ಷನ್ನಿಗೆ ಕೆಟ್ಟ ಹೆಸರು ಬಂದಿರುವುದು ಅದಕ್ಕೇ. ಮೇಲಾಗಿ, ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧ ಕೆಡದಿರಲೆಂದು ಅದನ್ನು ಆಮ್ಲೀಯವಾಗಿಯೇ ಇಟ್ಟಿರುತ್ತಾರೆ. ಅದರ ಪಿಎಚ್ ಸುಮಾರು 4, ನಮ್ಮ ರಕ್ತದ್ದು 7.4. ಉರಿಯದೆ ಇನ್ನೇನಾದೀತು?

ಅನುಭವಿ ದಂತವೈದ್ಯರು ಚುಚ್ಚುವಾಗ ತುಟಿಯನ್ನೋ ಕೆನ್ನೆಯನ್ನೋ ಹಿಡಿದು ಅಲುಗಾಡಿಸುತ್ತಾರೆ. ರೋಗಿಯ ಗಮನ ಬೇರೆಡೆ ಹೋಗಲೆಂದು ಮಾತ್ರ ಅಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಈ ಉಪಾಯಕ್ಕೆ ವಿವರಣೆ ಕೊಡುತ್ತದೆ. ನೋವಿನ ಸುದ್ದಿ ತರುವುದು ಸಣ್ಣ ನರತಂತುಗಳು. ಸ್ಪರ್ಶ, ಕಂಪನಗಳ ಸುದ್ದಿ ತರುವುದು ಮೈಲಿನ್ ಹೊದಿಕೆಯ ದಪ್ಪ ತಂತುಗಳು. ಬೆನ್ನುಹುರಿಯಲ್ಲಿ ಇವೆರಡೂ ಸಂಧಿಸುವಲ್ಲಿ ತಡೆಯೊಡ್ಡುವ ನರಕೋಶಗಳಿವೆ. ದಪ್ಪ ತಂತುಗಳು ಅವನ್ನು ಚುರುಕುಗೊಳಿಸಿದರೆ ನೋವಿನ ಸುದ್ದಿ ಮೇಲಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಮುಖದ ಮಟ್ಟಿಗೆ ಈ ಕೆಲಸ ನಡೆಯುವುದು ಮಿದುಳು ಕಾಂಡದ ಕೆಳತುದಿಯಲ್ಲಿ. ಸಿದ್ಧಾಂತದ ಎಷ್ಟೋ ವಿವರಗಳನ್ನು ಆಮೇಲೆ ತಿದ್ದಿದ್ದಾರೆ, ಮೂಲ ಕಲ್ಪನೆ ಉಳಿದಿದೆ.

ಇದನ್ನು ಓಟದ ಪಂದ್ಯದಂತೆ ವರ್ಣಿಸುವವರಿದ್ದಾರೆ: ಕಂಪನದ ಸುದ್ದಿ ಸೆಕೆಂಡಿಗೆ ಐವತ್ತು ಮೀಟರ್ ಓಡುತ್ತದೆ, ಉರಿನೋವಿನದು ಒಂದೋ ಎರಡೋ ಮೀಟರ್, ಆದ್ದರಿಂದ ಮೊದಲು ತಲುಪಿದ್ದೇ ಗೆದ್ದಿತು ಎಂದು. ನನಗಿದು ಒಪ್ಪಿಗೆಯಾಗುವುದಿಲ್ಲ. ಕೆನ್ನೆಯಿಂದ ಮಿದುಳು ಕಾಂಡಕ್ಕೆ ಹೆಚ್ಚೆಂದರೆ ಒಂದು ಗೇಣು ದಾರಿ. ನಿಧಾನದ ತಂತುವೂ ಅರೆಗಳಿಗೆಯೊಳಗೆ ತಲುಪಿಬಿಡುತ್ತದೆ. ಮುಖ್ಯವಾದದ್ದು ವೇಗವಲ್ಲ, ಎಡೆಬಿಡದ ತಡೆ. ಆದ್ದರಿಂದಲೇ ಕಂಪನ ಸೂಜಿಗಿಂತ ಮೊದಲೇ ಶುರುವಾಗಬೇಕು, ಔಷಧ ಪೂರ್ತಿ ಒಳಹೋಗುವವರೆಗೂ ನಿಲ್ಲಬಾರದು.

ವೈದ್ಯರ ಬೆರಳಿನ ಕೆಲಸವನ್ನೇ ಈಗ ಯಂತ್ರಗಳೂ ಮಾಡುತ್ತಿವೆ. ‘ಡೆಂಟಲ್‌ವೈಬ್’ ಎಂಬ ಕೈಸಾಧನದ ತುದಿ ಕವಲೊಡೆದಿದೆ. ಅದು ಒಸಡಿನ ಮೇಲೆ ಕಂಪಿಸುತ್ತಿರುವಾಗಲೇ ಪಕ್ಕದಲ್ಲಿ ಸೂಜಿ ಇಳಿಯುತ್ತದೆ. ಲಸಿಕೆಗೆ ಹೆದರುವ ಮಕ್ಕಳಿಗಾಗಿ ಅಮೆರಿಕದ ಮಕ್ಕಳ ವೈದ್ಯೆ ಏಮಿ ಬ್ಯಾಕ್ಸ್ಟರ್ ರೂಪಿಸಿದ ‘ಬಜ್ಜಿ’ ಜೇನುನೊಣದ ಆಕಾರದ್ದು. ಅದರ ರೆಕ್ಕೆಗಳಲ್ಲಿ ಮಂಜಿನ ತಂಪು, ಒಡಲಲ್ಲಿ ಕಂಪನ. ಅದನ್ನು ಇಡುವುದು ಚುಚ್ಚುವ ಜಾಗಕ್ಕೂ ಮಿದುಳಿಗೂ ನಡುವೆ, ಅಂದರೆ ಸ್ವಲ್ಪ ಮೇಲೆ.

ಪ್ರಯೋಗಗಳ ಫಲಿತಾಂಶ ಒಂದೇ ಥರ ಇಲ್ಲ. ನೋವು ತಗ್ಗಿತೆಂದ ಅಧ್ಯಯನಗಳು ಹಲವು, ವ್ಯತ್ಯಾಸವೇ ಕಾಣದವು ಕೆಲವು. ಬಾಯೊಳಗೆ ಗುಂಯ್‌ಗುಟ್ಟುವ ಯಂತ್ರದ ಸದ್ದು ದವಡೆಯ ಮೂಳೆಯ ಮೂಲಕ ನೇರ ಕಿವಿಗೆ ಬಡಿಯುವುದರಿಂದ ಕೆಲವು ಮಕ್ಕಳು ಅದಕ್ಕೇ ಬೆಚ್ಚುತ್ತಾರೆ. ನೋವು ಪೂರ್ತಿ ಮಾಯವಾಗುತ್ತದೆಂದು ನಿರೀಕ್ಷಿಸಬಾರದು. ಮೊದಲು ಮರಗಟ್ಟಿಸುವ ಜೆಲ್ ಸವರಿ, ಔಷಧವನ್ನು ನಿಧಾನವಾಗಿ ಬಿಟ್ಟು, ಜೊತೆಗೆ ಕಂಪನ ಕೊಟ್ಟರೆ ಸಹಿಸಲು ಸುಲಭ. ಯಂತ್ರವಿಲ್ಲದ ಕ್ಲಿನಿಕ್ಕಿಗೆ ಹೋದಾಗ, ಔಷಧ ನಿಧಾನವಾಗಿ ಬಿಡಿ, ಕೆನ್ನೆ ಸ್ವಲ್ಪ ಅಲುಗಾಡಿಸಿ ಎಂದು ವೈದ್ಯರನ್ನು ಕೇಳಿಕೊಳ್ಳಿ, ಸಂಕೋಚ ಬೇಡ.